ಕೀಲಿಗೇ ತಲುಪುವ ಮದ್ದು: ಸುದ್ದಿಯಲ್ಲಿ ಬಿಟ್ಟುಹೋಗುವ ಸಂಗತಿಗಳು

ಮಾನ್ಯ ಸಂಪಾದಕರೇ,

ರುಮಟಾಯ್ಡ್ ಸಂಧಿವಾತಕ್ಕೆ ‘ನೇರವಾಗಿ ಕೀಲಿಗೇ ತಲುಪುವ’ ನ್ಯಾನೋ ಔಷಧ (ಅತಿ ಸೂಕ್ಷ್ಮ ಕಣಗಳಲ್ಲಿ ತುಂಬಿದ ಮದ್ದು) ಸಿದ್ಧವಾಗಿದೆ ಎಂಬರ್ಥದ ಸುದ್ದಿಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿಯೂ ವಾರ್ತಾವಾಹಿನಿಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ; ಹಿಂದೆ ನಿಜವಾದ ಪ್ರಯೋಗಾಲಯ, ನಿಜವಾದ ಪ್ರಬಂಧ ಇರುತ್ತದೆ. ಆದರೆ ಮದ್ದನ್ನು ಯಾವ ಜೀವಿಗೆ ಕೊಟ್ಟು ನೋಡಿದರು, ರಕ್ತನಾಳಕ್ಕೆ ಕೊಟ್ಟರೋ ಕೀಲಿನೊಳಕ್ಕೇ ಚುಚ್ಚಿದರೋ, ಯಾವುದಕ್ಕಿಂತ ಉತ್ತಮವೆಂದರು ಎಂಬ ಮಾತುಗಳು ಸುದ್ದಿ ಅಚ್ಚಾಗುವ ಹೊತ್ತಿಗೆ ಉದುರಿಹೋಗಿರುತ್ತವೆ. ಫಾರ್ಮಸಿ ಕಾಲೇಜೊಂದರಲ್ಲಿ ಫಾರ್ಮಕಾಲಜಿ ಪಾಠ ಹೇಳಿ ನಿವೃತ್ತನಾದ ನನಗೆ, ಮನೆಯಲ್ಲಿ ಇದೇ ಕಾಯಿಲೆಯಿಂದ ನರಳುವ ಅಕ್ಕನೂ ಇರುವುದರಿಂದ, ಹೀಗೆ ಉದುರಿದ ಮಾತುಗಳೇ ರೋಗಿಗೆ ಹೆಚ್ಚು ಬೇಕಾದವು ಎನಿಸುತ್ತದೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯ ಅರ್ಧದಲ್ಲಿ ನಿಲ್ಲಿಸುವಂಥದ್ದಲ್ಲವಾದ್ದರಿಂದ ದಯವಿಟ್ಟು ಸ್ಥಳಾವಕಾಶ ಕೊಡಬೇಕು.

ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವಿಗೂ ಈ ಕಾಯಿಲೆಗೂ ವ್ಯತ್ಯಾಸವಿದೆ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಕಾಗದದಷ್ಟು ತೆಳುವಾಗಿರಬೇಕಾದ ಆ ಪೊರೆ ಊದಿ ದಪ್ಪವಾಗಿ, ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು, ಕ್ರಮೇಣ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಸಾವಿರ ಜನರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಅದೂ ಮನೆ, ಹೊಲ, ಕಚೇರಿಗಳ ಕೆಲಸ ಮೈಮೇಲೆ ಇರುವ ನಡುವಯಸ್ಸಿನಲ್ಲಿ. ಬೆರಳಿನ ಬುಡದ ಗೆಣ್ಣುಗಳು ಎರಡೂ ಕೈಗಳಲ್ಲಿ ಒಂದೇ ಸಮನೆ ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದ ಮೇಲೆ ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲಾಗುವುದಿಲ್ಲ. ನಲ್ಲಿ ತಿರುಗಿಸುವುದು, ಒದ್ದೆ ಬಟ್ಟೆ ಹಿಂಡುವುದು, ಸೀರೆಯ ನೆರಿಗೆ ಹಿಡಿಯುವುದು, ರೊಟ್ಟಿ ತಟ್ಟುವುದು ಒಂದೊಂದೂ ಆ ದಿನದ ಪರೀಕ್ಷೆಯಾಗುತ್ತದೆ. ಹೊರಗಿನವರ ಕಣ್ಣಿಗೆ ಏನೂ ಕಾಣದಿರುವುದರಿಂದ ‘ಸುಮ್ಮನೆ ನೆಪ’ ಎಂಬ ಮಾತನ್ನೂ ಕೇಳಬೇಕಾಗುತ್ತದೆ.

ಈ ರೋಗದ ಚಿಕಿತ್ಸೆಗೆ ಇವತ್ತಿಗೂ ಆಧಾರವಾಗಿರುವುದು ಮೆಥೊಟ್ರೆಕ್ಸೇಟ್ ಎಂಬ ಹಳೆಯ ಮಾತ್ರೆ. ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುವ ಈ ಬಗೆಯ ಅಣುಗಳ ಮೂಲ ಸಂಶೋಧನೆ ನಡೆದದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿನ ಸಂಶೋಧನೆಯ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. (ನಮ್ಮ ಫಾರ್ಮಸಿ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಹೆಸರೇ ಗೊತ್ತಿರುವುದಿಲ್ಲ ಎಂಬುದು ಬೇರೆಯೇ ಸಂಕಟ.) ಮಕ್ಕಳ ರಕ್ತ ಕ್ಯಾನ್ಸರಿಗೆಂದು ಹೊರಟ ಈ ಕುಟುಂಬದ ಮದ್ದು ಸಂಧಿವಾತಕ್ಕೂ ಆಗುತ್ತದೆಂದು 1951ರಲ್ಲೇ ಕೆಲವು ವೈದ್ಯರು ಬರೆದಿದ್ದರೂ, ಅಮೆರಿಕದ ಔಷಧ ನಿಯಂತ್ರಕರು ಮೆಥೊಟ್ರೆಕ್ಸೇಟಿಗೆ ಆ ಬಳಕೆಯ ಅನುಮತಿ ಕೊಟ್ಟದ್ದು 1988ರಲ್ಲಿ. ಕ್ಯಾನ್ಸರಿಗೆ ಕೊಡುವ ಪ್ರಮಾಣದ ಮುಂದೆ ತೀರ ಸಣ್ಣದೆನ್ನಬಹುದಾದ, ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂ ಡೋಸ್. ಜೊತೆಗೆ ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ. ಖರ್ಚು ವಾರಕ್ಕೆ ಹತ್ತಾರು ರೂಪಾಯಿ.

ಇಷ್ಟು ಅಗ್ಗದ, ಇಷ್ಟು ಕೆಲಸಕ್ಕೆ ಬರುವ ಮದ್ದಿನಲ್ಲಿ ತೊಂದರೆ ಏನೆಂದರೆ, ನುಂಗಿದ ಮಾತ್ರೆಗೆ ಕೀಲು ಯಾವುದು, ಮೂಳೆಮಜ್ಜೆ ಯಾವುದು ಎಂಬ ಭೇದ ತಿಳಿಯದು. ಒಂದು ಗದ್ದೆ ನೆನೆಸಲು ಇಡೀ ಊರಿಗೆ ಕಾಲುವೆ ನೀರು ಬಿಟ್ಟಂತೆ, ಕೀಲಿನ ಊದಿದ ಪೊರೆಯನ್ನು ತಣಿಸಲು ಇಡೀ ದೇಹಕ್ಕೆ ಔಷಧ ಹರಿಯಬೇಕು. ಮಾತ್ರೆಯ ಮರುದಿನ ಓಕರಿಕೆ, ಬಾಯಿಹುಣ್ಣು, ಕೂದಲು ಉದುರುವಿಕೆ, ಯಕೃತ್ತಿನ ಕಿಣ್ವಗಳ ಏರಿಕೆ, ಕೆಲವೊಮ್ಮೆ ರಕ್ತಕಣಗಳ ಇಳಿಕೆ ಇವೆಲ್ಲ ಬರುವುದು ಅದರಿಂದಲೇ. ಗರ್ಭಿಣಿಯರಿಗಂತೂ ಇದು ಸಲ್ಲದ ಮದ್ದು. ಸ್ಟೀರಾಯ್ಡ್‌ಗಳ ಕತೆ ಇನ್ನೂ ಕಠಿಣ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಕೆಲವೇ ದಿನಗಳಲ್ಲಿ ಎದ್ದು ನಡೆಯುವಂತೆ ಮಾಡಿದಾಗ ಜಗತ್ತೇ ಬೆರಗಾಗಿ, 1950ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅದೇ ಮದ್ದು ದೀರ್ಘಕಾಲ ತೆಗೆದುಕೊಂಡವರ ಮೂಳೆ ಪೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಎಂಬುದು ತಿಳಿಯಲು ಹೆಚ್ಚು ವರ್ಷ ಬೇಕಾಗಲಿಲ್ಲ.

ಹೀಗಿರುವಾಗ ಮದ್ದನ್ನು ಕೀಲಿಗಷ್ಟೇ ಒಯ್ಯುವ ವಾಹಕವೊಂದಿದ್ದರೆ ಎಂಬ ಆಸೆ ಸಹಜ. ಅದಕ್ಕೆ ಕೀಲೇ ಒಂದು ಅವಕಾಶವನ್ನೂ ಮಾಡಿಕೊಟ್ಟಿದೆ. ಊದಿದ ಪೊರೆಯಲ್ಲಿ ಅವಸರದಲ್ಲಿ ಬೆಳೆದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದಿಲ್ಲ. ಆರೋಗ್ಯವಂತ ನಾಳದಿಂದ ಹೊರಬೀಳಲಾರದ, ನೂರು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಆಸುಪಾಸಿನ ಕಣಗಳು ಅಲ್ಲಿ ಸೋರಿ ಪೊರೆಯೊಳಗೆ ಇಳಿಯುತ್ತವೆ. ಇಳಿದವನ್ನು ಅಲ್ಲಿ ಕಿಕ್ಕಿರಿದಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ನುಂಗಿಬಿಡುತ್ತವೆ, ಮತ್ತು ಕಾಯಿಲೆಯ ಬೆಂಕಿಗೆ ಗಾಳಿ ಹಾಕುವವರಲ್ಲಿ ಆ ಕೋಶಗಳೂ ಸೇರಿವೆ. ಹಾಗಾಗಿ ಕೊಬ್ಬಿನ ಅಣುಗಳಿಂದಾದ ಲೈಪೋಸೋಮ್ ಎಂಬ ಟೊಳ್ಳು ಗುಳ್ಳೆಯೊಳಗೆ ಸ್ಟೀರಾಯ್ಡ್ ಅಥವಾ ಮೆಥೊಟ್ರೆಕ್ಸೇಟ್ ತುಂಬಿ ರಕ್ತಕ್ಕೆ ಬಿಟ್ಟರೆ, ಅದು ತಾನಾಗಿ ಊದಿದ ಕೀಲಿನಲ್ಲಿ ಶೇಖರವಾಗಬೇಕು. ಗುಳ್ಳೆಯನ್ನು ಮಾಡುವುದೇನೂ ಇಂದ್ರಜಾಲವಲ್ಲ: ತಕ್ಕ ಕೊಬ್ಬನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ಗೋಳದ ಒಳಗೋಡೆಗೆ ತೆಳ್ಳಗೆ ಒಣಗಿಸಿ, ಔಷಧ ಬೆರೆಸಿದ ನೀರು ಹಾಕಿ ತಿರುಗಿಸಿದರೆ ಕೊಬ್ಬಿನ ಪದರ ಎದ್ದು ತನ್ನಷ್ಟಕ್ಕೆ ಸುತ್ತಿಕೊಂಡು ಗುಳ್ಳೆಗಳಾಗುತ್ತದೆ. ಎಂ.ಫಾರ್ಮ್ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಿ ತೋರಿಸುತ್ತಾರೆ. ಹಾಲಿನಂತೆ ಮಬ್ಬಾದ ದ್ರವ ಸಿಗುತ್ತದೆ. ಒಂದೇ ಅಳತೆಯ ಗುಳ್ಳೆಗಳನ್ನು, ಸೋರದಂತೆ, ಬ್ಯಾಚಿನಿಂದ ಬ್ಯಾಚಿಗೆ ಬದಲಾಗದಂತೆ ಕಾರ್ಖಾನೆಯಲ್ಲಿ ಮಾಡುವುದು ಮಾತ್ರ ಬೇರೆಯೇ ವಿದ್ಯೆ.

ಈ ಆಲೋಚನೆ ಹೊಸದು ಎಂದು ಸುದ್ದಿಗಳು ಹೇಳುತ್ತವಲ್ಲ, ಅದು ಸರಿಯಲ್ಲ. ಲೈಪೋಸೋಮ್‌ಗಳನ್ನು ಬ್ರಿಟನ್ನಿನ ಅಲೆಕ್ ಬ್ಯಾಂಗಮ್ ವಿವರಿಸಿದ್ದು 1960ರ ದಶಕದಲ್ಲಿ. ಅವುಗಳಲ್ಲಿ ಸ್ಟೀರಾಯ್ಡ್ ತುಂಬಿ ಊದಿದ ಕೀಲಿಗೆ ಚುಚ್ಚಿದ ಪ್ರಯೋಗವನ್ನು ಕೇಂಬ್ರಿಜ್‌ನ ಸಂಶೋಧಕರು ಮೊಲಗಳಲ್ಲಿ ಮಾಡಿ 1978ರಲ್ಲಿ ಪ್ರಕಟಿಸಿದರು. 1980ರ ದಶಕದಲ್ಲಿ ಕಾರ್ಡಿಫ್‌ನ ವೈದ್ಯರು ವಿಕಿರಣಶೀಲ ಗುರುತು ಹಚ್ಚಿದ ಲೈಪೋಸೋಮ್‌ಗಳನ್ನು ಸಂಧಿವಾತದ ರೋಗಿಗಳ ರಕ್ತಕ್ಕೇ ಬಿಟ್ಟು, ಅವು ಊದಿದ ಕೀಲುಗಳಲ್ಲಿ ಸೇರಿಕೊಳ್ಳುವುದನ್ನು ಸ್ಕ್ಯಾನ್‌ನಲ್ಲಿ ಕಂಡರು. ಎಂದರೆ, ಕಣ ಕೀಲಿಗೆ ಹೋಗುತ್ತದೆಂಬುದು ಮನುಷ್ಯರಲ್ಲೇ ಸಾಬೀತಾಗಿ ಸುಮಾರು ನಾಲ್ಕು ದಶಕಗಳಾದವು. ಆದರೂ ಈ ಕಾಯಿಲೆಗೆಂದು ಔಷಧದ ಅಂಗಡಿಯಲ್ಲಿ ಸಿಗುವ ಒಂದು ಲೈಪೋಸೋಮ್ ಮದ್ದು ಇಲ್ಲ. ಏಕಿಲ್ಲ ಎಂಬ ಪ್ರಶ್ನೆಯನ್ನು ಸುದ್ದಿ ಬರೆಯುವವರು ಕೇಳಬೇಕಿತ್ತು.

ಉತ್ತರದ ಒಂದು ಭಾಗವನ್ನು ಕರ್ನಾಟಕದ ಜನ 2021ರ ಮೇ-ಜೂನ್ ತಿಂಗಳಲ್ಲಿ, ತಮಗರಿವಿಲ್ಲದೆಯೇ ಕಂಡಿದ್ದಾರೆ. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ಲೈಪೋಸೋಮಲ್ ಆಂಫೊಟೆರಿಸಿನ್-ಬಿ ಎಂಬ ಹೆಸರು ಮನೆಮಾತಾಯಿತು. ರೋಗಿಗಳ ಮನೆಯವರು ಚೀಟಿ ಹಿಡಿದು ಜಿಲ್ಲೆಯಿಂದ ಜಿಲ್ಲೆಗೆ ಅಲೆದರು, ರಾಜ್ಯಗಳಿಗೆ ಕೇಂದ್ರವೇ ವಯಲ್‌ಗಳನ್ನು ಹಂಚಬೇಕಾಯಿತು. ಅದು ಇದೇ ತಂತ್ರಜ್ಞಾನ. ಆಂಫೊಟೆರಿಸಿನ್ ಹಳೆಯ ಮದ್ದು. ಬರಿಯ ರೂಪದಲ್ಲಿ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಕೊಬ್ಬಿನ ಗುಳ್ಳೆಯೊಳಗೆ ಸೇರಿಸಿ ಕೊಟ್ಟರೆ ಆ ಪೆಟ್ಟು ಬಹಳ ಕಡಿಮೆ. ವಾಹಕದಿಂದ ಒಂದು ವಿಷದಂಥ ಮದ್ದು ಸಹಿಸುವ ಮದ್ದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ ಅದೇ ಉದಾಹರಣೆಯಲ್ಲಿ ಎಚ್ಚರಿಕೆಯೂ ಇದೆ. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಎಂದರೆ 60 ಕಿಲೋ ತೂಕದ ರೋಗಿಗೆ ದಿನಕ್ಕೆ 50 ಮಿಲಿಗ್ರಾಂನ ಆರು ವಯಲ್. ಅವು ಸಿಗದ ದಿನಗಳಲ್ಲಿ ವೈದ್ಯರು ಹಳೆಯ, ಅಗ್ಗದ, ಮೂತ್ರಪಿಂಡ ಕೆಡಿಸುವ ರೂಪಕ್ಕೇ ಮರಳಿದರು. ಮಾಡಬಲ್ಲ ಕಾರ್ಖಾನೆಗಳು ಕೆಲವೇ ಇದ್ದು, ಬೆಲೆ ಸಾಮಾನ್ಯ ರೂಪದ ಹಲವು ಪಟ್ಟು ಇರುವ ಮದ್ದು ತುರ್ತಿಗೆ ಹೇಗೆ ಕೈಕೊಡುತ್ತದೆಂಬುದನ್ನು ನಾವು ಆ ಎರಡು ತಿಂಗಳಲ್ಲಿ ನೋಡಿದೆವು. ಸಂಧಿವಾತ ಎರಡು ತಿಂಗಳ ಕಾಯಿಲೆಯಲ್ಲ. ಮೂವತ್ತನೇ ವಯಸ್ಸಿಗೆ ಬಂದರೆ ಮೂವತ್ತು ನಲವತ್ತು ವರ್ಷ ಔಷಧ ಬೇಕು.

ಇನ್ನೊಂದು ಭಾಗ ದೇಹಶಾಸ್ತ್ರದ್ದು. ರಕ್ತಕ್ಕೆ ಬಿಟ್ಟ ಕಣಗಳನ್ನು ಮೊದಲು ಹಿಡಿಯುವುದು ಯಕೃತ್ತು ಮತ್ತು ಗುಲ್ಮ (ಸ್ಪ್ಲೀನ್). ಪರಕೀಯ ವಸ್ತುವನ್ನು ಸೋಸುವುದು ಅವುಗಳ ನಿತ್ಯಕರ್ಮ. ಬಿಹಾರದ ಕಾಲಾ ಅಜಾರ್ ರೋಗಕ್ಕೆ ಲೈಪೋಸೋಮಲ್ ಆಂಫೊಟೆರಿಸಿನ್ ಒಂದೇ ಡೋಸಿನಲ್ಲಿ ಗುಣ ಕೊಡುವುದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಆ ರೋಗದ ಪರಾವಲಂಬಿ ಜೀವಿ ಅಡಗಿರುವುದೇ ಯಕೃತ್ತು, ಗುಲ್ಮಗಳ ಮ್ಯಾಕ್ರೊಫೇಜ್‌ಗಳಲ್ಲಿ. ಕಣ ತಾನಾಗಿ ಹೋಗುವ ಕಡೆಗೇ ಶತ್ರುವೂ ಇದ್ದಾನೆ. ಬೆರಳಿನ ಗೆಣ್ಣಿಗೆ ಆ ಅನುಕೂಲವಿಲ್ಲ. ಕ್ಯಾನ್ಸರ್ ಗೆಡ್ಡೆಗಳ ವಿಷಯದಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ 2016ರ ಒಂದು ಪ್ರಸಿದ್ಧ ವಿಶ್ಲೇಷಣೆಯಲ್ಲಿ, ಕೊಟ್ಟ ನ್ಯಾನೋಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಮಧ್ಯಾಂಕ ಲೆಕ್ಕದಲ್ಲಿ ಶೇ 0.7 ಮಾತ್ರ. ಸಂಧಿವಾತದ ಲೆಕ್ಕ ಹಾಗೆಯೇ ಇರಬೇಕೆಂದಿಲ್ಲ, ಆದರೆ ‘ಗುರಿ ತಲುಪುವ ಮದ್ದು’ ಎಂಬ ಶೀರ್ಷಿಕೆ ಓದಿದವರಿಗೆ ಕೊಟ್ಟದ್ದೆಲ್ಲ ಕೀಲಿಗೇ ಹೋಯಿತೆಂಬ ಭಾವನೆ ಬರುತ್ತದೆ. ಹಾಗೆ ಎಂದೂ ಆಗುವುದಿಲ್ಲ. ಹಿಂದಿಗಿಂತ ಸ್ವಲ್ಪ ಹೆಚ್ಚು ಪಾಲು ಕೀಲಿಗೆ, ಸ್ವಲ್ಪ ಕಡಿಮೆ ಪಾಲು ಮೂಳೆಮಜ್ಜೆಗೆ ಎಂಬುದೇ ಈ ವಿದ್ಯೆಯ ಪ್ರಾಮಾಣಿಕ ಭರವಸೆ.

ಇಲಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಸುದ್ದಿಗಳು ಹೆಚ್ಚಾಗಿ ನಿಂತಿರುವುದು ಅದರ ಹಿಂಗಾಲಿನ ಮೇಲೆ. ಕ್ಷಯದ ಸತ್ತ ಬ್ಯಾಕ್ಟೀರಿಯಾ ಬೆರೆಸಿದ ಎಣ್ಣೆಯನ್ನು ಇಲಿಯ ಬಾಲದ ಬುಡಕ್ಕೋ ಪಾದಕ್ಕೋ ಚುಚ್ಚಿದರೆ ಸುಮಾರು ಎರಡು ವಾರಗಳಲ್ಲಿ ಅದರ ಪಾದಗಳು ಊದುತ್ತವೆ. 1956ರಿಂದ ಬಳಕೆಯಲ್ಲಿರುವ ಮಾದರಿ ಇದು. ನಮ್ಮ ಕಾಲದಲ್ಲಿ ಆ ಊತವನ್ನು ಪಾದರಸದ ಪ್ಲೆಥಿಸ್ಮೋಮೀಟರಿನಲ್ಲಿ ಅಳೆಯುತ್ತಿದ್ದೆವು: ಇಲಿಯ ಪಾದದ ಮೇಲೆ ಗಿಣ್ಣಿನ ಹತ್ತಿರ ಶಾಯಿಯಲ್ಲಿ ಗೆರೆ ಎಳೆದು, ಆ ಗೆರೆಯವರೆಗೆ ಪಾದವನ್ನು ಗಾಜಿನ ಕೊಳವೆಯ ಪಾದರಸದಲ್ಲಿ ಅದ್ದಿ, ಪಕ್ಕದ ಕೊಳವೆಯಲ್ಲಿ ಮಟ್ಟ ಎಷ್ಟು ಏರಿತೆಂದು ಓದಬೇಕು. ಇಲಿ ಒದ್ದಾಡಿದರೆ ಓದಿದ ಅಂಕಿ ಕೆಟ್ಟಿತು. ಗೆರೆ ಒಂದು ಕೂದಲೆಳೆ ಕೆಳಗೆ ಬಿದ್ದರೆ ಮದ್ದು ಕೆಲಸ ಮಾಡಿದಂತೆ ಕಾಣುತ್ತದೆ. ಈಗ ಉಪಕರಣಗಳು ಉತ್ತಮವಾಗಿವೆ, ಆದರೆ ಮೂಲ ವ್ಯತ್ಯಾಸ ಹಾಗೆಯೇ ಉಳಿದಿದೆ: ಇಲಿಯ ಊತ ಎರಡು ವಾರದ್ದು, ಚಿಕಿತ್ಸೆಯನ್ನೂ ಊತ ಆರಂಭವಾಗುವಾಗಲೇ ಶುರುಮಾಡಿರುತ್ತಾರೆ, ಆಸ್ಪತ್ರೆಗೆ ಬರುವ ಹೆಂಗಸಿನ ಕೈ ಎಷ್ಟೋ ತಿಂಗಳಿಂದ, ಕೆಲವೊಮ್ಮೆ ವರ್ಷಗಳಿಂದ ಊದಿದ್ದು. ಇಲಿಯಲ್ಲಿ ಇಂಥ ಮದ್ದುಗಳು ಗೆಲ್ಲುವುದೇ ವಾಡಿಕೆ.

ನಮ್ಮ ದೇಶದ ಕೆಲಸ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಮೊಹಾಲಿಯಲ್ಲಿರುವ ಕೇಂದ್ರ ಸರ್ಕಾರದ ನ್ಯಾನೋ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಕೆಲವು ವರ್ಷಗಳ ಹಿಂದೆ ಕೈಟೋಸಾನ್ ಎಂಬ, ಸಿಗಡಿ-ಏಡಿಗಳ ಚಿಪ್ಪಿನಿಂದ ತೆಗೆಯುವ ವಸ್ತುವಿನ ಕಣಗಳಲ್ಲಿ ಸತುವಿನ ಗ್ಲುಕೊನೇಟ್ ತುಂಬಿ ಸಂಧಿವಾತದ ಇಲಿಗಳಲ್ಲಿ ಪರೀಕ್ಷಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ತಾನಾಗಿ ಕರಗುವ ಹೊಲಿಗೆದಾರಗಳಲ್ಲಿ ಬಳಕೆಯಾಗುವ ಜಾತಿಯ ಪಾಲಿಮರಿನ ಸೂಕ್ಷ್ಮಕಣಗಳಲ್ಲಿ ರ‍್ಯಾಪಾಮೈಸಿನ್ ಎಂಬ ಮದ್ದು ಸೇರಿಸಿ, ಕೀಲಿನೊಳಕ್ಕೆ ಚುಚ್ಚಿ, ಮದ್ದು ವಾರಗಟ್ಟಲೆ ಅಲ್ಲೇ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಕೆಲಸ ಮಾಡಿದ್ದಾರೆ. ಎರಡನೆಯದು ಸವೆತದ ಸಂಧಿವಾತಕ್ಕೆ ಸಂಬಂಧಿಸಿದ್ದು, ರುಮಟಾಯ್ಡ್‌ಗೆ ಅಲ್ಲ. ಈ ಗೊಂದಲ ಸುದ್ದಿಗಳಲ್ಲಿ ಪದೇ ಪದೇ ಆಗುತ್ತದೆ. ಅಮೆರಿಕದಲ್ಲಿ ಇದೇ ತತ್ತ್ವದ ಸ್ಟೀರಾಯ್ಡ್ ಸೂಕ್ಷ್ಮಕಣದ ಇಂಜೆಕ್ಷನ್ನಿಗೆ 2017ರಲ್ಲಿ ಅನುಮತಿ ಸಿಕ್ಕಿದ್ದೂ ಮೊಣಕಾಲಿನ ಸವೆತಕ್ಕೆ. ಒಂದೋ ಎರಡೋ ದೊಡ್ಡ ಕೀಲು ಕೆಟ್ಟಿರುವವರಿಗೆ ಕೀಲಿನೊಳಕ್ಕೆ ಚುಚ್ಚುವುದು ಒಳ್ಳೆಯ ದಾರಿ. ರುಮಟಾಯ್ಡ್ ಸಂಧಿವಾತದ ತೀವ್ರತೆ ಅಳೆಯಲು ವೈದ್ಯರು ಮುಟ್ಟಿ ನೋಡುವ ಕೀಲುಗಳೇ 28. ಬೆರಳು ಬೆರಳಿಗೆ ಸೂಜಿ ಚುಚ್ಚುತ್ತ ಹೋಗಲಾದೀತೇ?

ಹಾಗಾದರೆ ರಕ್ತದ ಮೂಲಕವೇ ಹೋಗಿ ವಿಳಾಸ ಹುಡುಕುವ ಮದ್ದು ಬೇಕು. ಅದರಲ್ಲಿ ಎರಡು ಪ್ರಯತ್ನಗಳು ನನಗೆ ಗಂಭೀರವಾಗಿ ಕಾಣುತ್ತವೆ. ಕೆರಳಿದ ಮ್ಯಾಕ್ರೊಫೇಜ್‌ಗಳ ಮೇಲ್ಮೈಯಲ್ಲಿ ಫೋಲಿಕ್ ಆಮ್ಲವನ್ನು ಹಿಡಿಯುವ ಒಂದು ವಿಶೇಷ ಗ್ರಾಹಕ ಮೂಡುತ್ತದೆ. ಕಣದ ಮೈಗೆ ಫೋಲಿಕ್ ಆಮ್ಲವನ್ನೇ ಅಂಟಿಸಿದರೆ ಆ ಕೋಶಗಳು ಅದನ್ನು ಕರೆದು ಒಳಗೆ ಸೇರಿಸಿಕೊಳ್ಳುತ್ತವೆ. ಇನ್ನೊಂದು, ಅಡಾಲಿಮ್ಯುಮಾಬ್ ಎಂಬ ಈಗಾಗಲೇ ಬಳಕೆಯಲ್ಲಿರುವ ಪ್ರತಿಕಾಯಕ್ಕೆ (ನಿರ್ದಿಷ್ಟ ಗುರಿಗಷ್ಟೇ ಅಂಟುವ ಪ್ರೋಟೀನಿಗೆ) ಸ್ಟೀರಾಯ್ಡ್‌ನಂತೆ ವರ್ತಿಸುವ ಅಣುವನ್ನು ಕಟ್ಟಿ ಕಳಿಸುವುದು. ಪ್ರತಿಕಾಯ ಅಂಟಿದ ಕೋಶದೊಳಗೆ ಹೋದ ಮೇಲಷ್ಟೇ ಕಟ್ಟು ಬಿಚ್ಚಿ ಸ್ಟೀರಾಯ್ಡ್ ಹೊರಬರುತ್ತದೆ. ಇದು 48 ರೋಗಿಗಳ ಸಣ್ಣ ಪರೀಕ್ಷೆಯವರೆಗೆ ಬಂದಿತು, ಫಲಿತಾಂಶ ಆಶಾದಾಯಕವಾಗಿತ್ತು, ಮಾರುಕಟ್ಟೆಗೆ ಬರಲಿಲ್ಲ.

ಇಲ್ಲಿ ಇನ್ನೂ ಆಳದ ಒಂದು ಆಕ್ಷೇಪವಿದೆ, ಅದನ್ನು ನಾನು ಯಾವ ಸುದ್ದಿಯಲ್ಲೂ ಓದಿಲ್ಲ. ಕಾಯಿಲೆ ಇರುವುದು ಕೀಲಿನಲ್ಲಿ ಮಾತ್ರವೇ? ರಕ್ತದಾನಿಗಳ ಸಂಗ್ರಹಿತ ರಕ್ತವನ್ನು ಪರೀಕ್ಷಿಸಿದಾಗ, ಮುಂದೆ ಈ ರೋಗ ಬಂದವರಲ್ಲಿ ಅನೇಕರ ರಕ್ತದಲ್ಲಿ ಮೊದಲ ಕೀಲು ಊದುವುದಕ್ಕೂ ಎಷ್ಟೋ ವರ್ಷ ಮೊದಲೇ ರೋಗದ ಪ್ರತಿಕಾಯಗಳು ಕಂಡುಬಂದವು. ಶ್ವಾಸಕೋಶ, ಕಣ್ಣು, ರಕ್ತನಾಳಗಳಿಗೂ ಇದು ಕೈಚಾಚುತ್ತದೆ. ಕೀಲಿನ ಬೆಂಕಿಯನ್ನಷ್ಟೇ ನಂದಿಸುವ ಮದ್ದು ರೋಗಿಯ ನೋವು ಇಳಿಸಬಹುದು, ಆದರೆ ಇಡೀ ದೇಹಕ್ಕೆ ಕೊಡುವ ಮದ್ದಿನ ಸ್ಥಾನವನ್ನು ಅದೊಂದೇ ತುಂಬೀತೆಂದು ನನಗೆ ಅನ್ನಿಸುವುದಿಲ್ಲ. ಜೊತೆಮದ್ದಾಗಿ, ಸ್ಟೀರಾಯ್ಡ್ ಪ್ರಮಾಣ ತಗ್ಗಿಸುವ ಉಪಾಯವಾಗಿ ಅದಕ್ಕೆ ಬೆಲೆಯಿದೆ. ಮೆಥೊಟ್ರೆಕ್ಸೇಟ್ ಮಾತ್ರೆ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಹೊರಹೋದರೂ ಕೋಶಗಳೊಳಗೆ ರೂಪ ಬದಲಿಸಿ ಬಹುಕಾಲ ನಿಲ್ಲುತ್ತದೆಂಬುದನ್ನೂ ನೆನಪಿಡಬೇಕು; ವಾರಕ್ಕೊಂದು ಡೋಸ್ ಸಾಕಾಗುವುದು ಆ ಕಾರಣಕ್ಕೇ. ಹೊಸ ವಾಹಕ ಗೆಲ್ಲಬೇಕಾದದ್ದು ಈ ಹಳೆಯ ಅಣುವಿನ ಸ್ವಂತ ಜಾಣತನವನ್ನು.

ನ್ಯಾನೋಕಣವಿಲ್ಲದೆಯೂ ಮದ್ದು ತಲುಪಿಸುವ ರೀತಿಯನ್ನು ಬದಲಿಸಿ ರೋಗಿಗೆ ನಿಜವಾದ ಲಾಭ ಮಾಡಿಕೊಟ್ಟ ನಿದರ್ಶನಗಳಿವೆ, ಅವು ಸುದ್ದಿಯಾಗುವುದಿಲ್ಲ. ಸಂಧಿವಾತದ ಉರಿಯೂತದ ರಾಸಾಯನಿಕಗಳು ಬೆಳಗಿನ ಜಾವದ ಹೊತ್ತಿಗೆ ರಕ್ತದಲ್ಲಿ ಏರುತ್ತವೆ. ಬೆಳಿಗ್ಗೆ ಎಂಟಕ್ಕೆ ಸ್ಟೀರಾಯ್ಡ್ ನುಂಗುವವರು ಬಿಗಿತ ಬಂದಾದ ಮೇಲೆ ನುಂಗಿದಂತಾಯಿತು. ರಾತ್ರಿ ಹತ್ತಕ್ಕೆ ನುಂಗಿದರೆ ನಾಲ್ಕು ಗಂಟೆ ಸುಮ್ಮನಿದ್ದು ಎರಡು ಗಂಟೆಯ ಸುಮಾರಿಗೆ ಬಿಚ್ಚಿಕೊಳ್ಳುವ ಪ್ರೆಡ್ನಿಸೋನ್ ಮಾತ್ರೆಯನ್ನು ಯುರೋಪಿನಲ್ಲಿ 288 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಅದೇ ಪ್ರಮಾಣದ ಮದ್ದಿನಿಂದಲೇ ಬೆಳಗಿನ ಬಿಗಿತದ ಅವಧಿ ಗಮನಾರ್ಹವಾಗಿ ತಗ್ಗಿತೆಂದು 2008ರಲ್ಲಿ ಪ್ರಕಟವಾಯಿತು. ಗುರಿ ಜಾಗಕ್ಕಲ್ಲ, ಹೊತ್ತಿಗೆ. ಇನ್ನೊಂದು ನಿದರ್ಶನ ನಮ್ಮ ಕೈಯಳತೆಯಲ್ಲೇ ಇದೆ. ಮೆಥೊಟ್ರೆಕ್ಸೇಟ್ ಮಾತ್ರೆಯ ಡೋಸ್ 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಹೆಚ್ಚು ಹೀರಿಕೊಳ್ಳದು. ಡೋಸ್ ಏರಿಸಿದರೂ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೆ, ಓಕರಿಕೆ ಮಾತ್ರ ಹೆಚ್ಚಬಹುದು. ಅದೇ ಮದ್ದನ್ನು ಇನ್ಸುಲಿನ್‌ನಂತೆ ಚರ್ಮದಡಿಗೆ ಚುಚ್ಚಿಕೊಂಡರೆ ಕೊಟ್ಟಷ್ಟೂ ಸೇರುತ್ತದೆ. ಮಾತ್ರೆ ಫಲಿಸಲಿಲ್ಲವೆಂದು ದುಬಾರಿ ಬಯಾಲಜಿಕಲ್ (ಜೀವಕೋಶಗಳಲ್ಲಿ ತಯಾರಿಸುವ, ಪ್ರತಿಕಾಯದಂಥ ಮದ್ದಿನ) ಇಂಜೆಕ್ಷನ್ನಿಗೆ ಹೋಗುವವರಲ್ಲಿ ಕೆಲವರಿಗಾದರೂ ಈ ಸಣ್ಣ ಬದಲಾವಣೆ ಸಾಕಾಗುತ್ತಿತ್ತು. ಕೆಲವು ಬಯಾಲಜಿಕಲ್‌ಗಳಿಂದ ಅಡಗಿದ ಕ್ಷಯ ಮರುಕಳಿಸುವ ಅಪಾಯವಿರುವುದರಿಂದ, ನಮ್ಮಂಥ ದೇಶದಲ್ಲಿ ಇದು ಖರ್ಚಿನ ಮಾತಷ್ಟೇ ಅಲ್ಲ.

ಸುದ್ದಿ ರೋಗಿಯ ಮನೆಯಲ್ಲಿ ಏನು ಮಾಡುತ್ತದೆಂಬುದನ್ನೂ ಹೇಳಬೇಕು. ನಮ್ಮಕ್ಕ ಇಂಥದೊಂದು ಸುದ್ದಿಯನ್ನು ಕತ್ತರಿಸಿ ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡಿದ್ದರು. “ಆ ಹೊಸ ಇಂಜೆಕ್ಷನ್ ಬರ್ತದಂತಲ್ಲೋ, ಅಲ್ಲೀತನಕ ಈ ಮಾತ್ರೆ ಬಿಟ್ರೆ ಆಗಲ್ವೇನೋ?” ಎಂದು ಕೇಳಿದರು. ಮಾತ್ರೆಯ ಮರುದಿನ ಇಡೀ ದಿನ ಊಟ ಸೇರದವರು ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳದೆಯೇ ಬಿಡುವವರು ಎಷ್ಟೋ ಜನ. ಬಿಟ್ಟವರ ಕೈ ಮತ್ತೆ ಊದುತ್ತದೆ; ಆಗ ಔಷಧದ ಅಂಗಡಿಯಲ್ಲಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡಿನ ಹಳೆಯ ಪಟ್ಟಿ ತೋರಿಸಿ ‘ಇದೇ ಕೊಡಿ’ ಎಂದು ಚೀಟಿಯಿಲ್ಲದೆ ಕೊಳ್ಳುತ್ತಾರೆ, ಇಲ್ಲವೇ ಯಾರೋ ಕೊಟ್ಟ ಪುಡಿ ತಿನ್ನುತ್ತಾರೆ. ನೋವಿಗೆಂದು ಮಾರುವ ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಬಾರಿ ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ಆರಾಮವಾಗುವ ಗುಟ್ಟು ಅದೇ. ಇದರ ತದ್ವಿರುದ್ಧ ಅಪಾಯವೂ ಇದೆ: ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ತಪ್ಪಾಗಿ ದಿನವೂ ನುಂಗಿ, ಬಾಯಿತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಪಟ್ಟಿಯ ಮೇಲೆ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಪೆನ್ನಿನಿಂದ ಬರೆದುಕೊಡುವ ಫಾರ್ಮಸಿಸ್ಟ್ ಯಾವ ನ್ಯಾನೋಕಣಕ್ಕೂ ಕಡಿಮೆಯಿಲ್ಲದ ಸೇವೆ ಮಾಡುತ್ತಾರೆ.

ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಇಲಾಖೆಗಳಿಗೆ ನನ್ನದೊಂದು ಸಲಹೆಯಿದೆ. ಹೊಸ ಕಣವನ್ನು ಮೆಥೊಟ್ರೆಕ್ಸೇಟ್ ಮಾತ್ರೆಯ ಜೊತೆಗೋ, ಖಾಲಿ ಉಪ್ಪುನೀರಿನ ಜೊತೆಗೋ ಹೋಲಿಸಿ ಗೆದ್ದಿತೆಂದರೆ ಸಾಲದು. ಚರ್ಮದಡಿಗೆ ಚುಚ್ಚುವ ಮೆಥೊಟ್ರೆಕ್ಸೇಟ್ ಜೊತೆ ಹೋಲಿಸಬೇಕೆಂಬ ಷರತ್ತು ಹಾಕಲಿ. ಆ ಇಂಜೆಕ್ಷನ್ ಜಿಲ್ಲಾಸ್ಪತ್ರೆಗಳಲ್ಲಿ ಸದಾ ದೊರೆಯುವಂತೆ ಆರೋಗ್ಯ ಇಲಾಖೆ ನೋಡಿಕೊಂಡರೆ ಅದೇ ಈಗ ಸಿಗಬಲ್ಲ ಅತ್ಯುತ್ತಮ ‘ತಲುಪಿಸುವ ವಿಧಾನ’. ಬಾಕ್ಸಿನ ಮೇಲೆ ವಾರದ ಡೋಸ್ ಎಂಬುದು ಕನ್ನಡದಲ್ಲಿ ಎದ್ದು ಕಾಣುವಂತಿರಲಿ.

ತಮ್ಮ ಪತ್ರಿಕೆಗೆ ನನ್ನ ಕೋರಿಕೆ ಸಣ್ಣದು. ಇಂಥ ಸುದ್ದಿ ಪ್ರಕಟಿಸುವಾಗ, ಪ್ರಯೋಗ ಇಲಿಯಲ್ಲಿ ನಡೆದಿದ್ದರೆ ಇಲಿ ಎಂಬ ಪದ ಶೀರ್ಷಿಕೆಯಲ್ಲೇ ಇರಲಿ. ಮದ್ದು ಯಾವ ಸಂಧಿವಾತಕ್ಕೆ, ಸವೆತದ್ದಕ್ಕೋ ರುಮಟಾಯ್ಡ್‌ಗೋ ಎಂಬುದು ಮೊದಲ ಪ್ಯಾರಾದಲ್ಲಿ ತಿಳಿಯಲಿ. ಮತ್ತು ಈಗ ತೆಗೆದುಕೊಳ್ಳುತ್ತಿರುವ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂಬ ಒಂದು ಸಾಲನ್ನು ಸುದ್ದಿಯ ಕೊನೆಯಲ್ಲಲ್ಲ, ಕತ್ತರಿಸಿಟ್ಟುಕೊಳ್ಳುವವರಿಗೆ ತಪ್ಪದೆ ಸಿಗುವಂತೆ ಶೀರ್ಷಿಕೆಯ ಕೆಳಗೇ ಮುದ್ರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಕಾಲಜಿ ಉಪನ್ಯಾಸಕ
ದಾವಣಗೆರೆ